ಚರಗಕ್ಕೆ ಓಗೊಟ್ಟವಳು

೧೯೬೧ರ ಶೀಗಿ ಹುಣ್ಣಿಮೆಗೆ ಬಿಜಾಪುರದ ಅಂಗಡಿಗೆ ಎರಡು ದಿನ ರಜೆ ಹಾಕಿ ಜೈನಾಪುರದ ನಮ್ಮ ಹೊಲಕ್ಕೆ ಹೋಗಿದ್ದೆವು. ನಾನಾಗ ಏಳು ತಿಂಗಳ ಬಸುರಿ. ಮಧ್ಯಾಹ್ನ ಯಜಮಾನರು ಭೂತಾಯಿಗೆ ಚರಗ ಚೆಲ್ಲಲು ಹೊರಟರು. ಬೆಳೆಗೆ ಎಡೆಯ ಅನ್ನ ಚೆಲ್ಲುತ್ತ ಅವರು "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ನಾನು "ಚಳ್ಳಂಬ್ರಿಗ್ಯೋ" ಎಂದು ಓಗೊಡಬೇಕು.

ಅರ್ಧ ಹೊಲ ಮುಗಿಯುವಷ್ಟರಲ್ಲಿ ಬಿರುಗಾಳಿ ಎದ್ದು, ಮಳೆ ಹೊಡೆಯಿತು.

"ತಿರುಗಿ ಹೋಗೂಣ್ರಿ, ನನಗ ಆಗೂದಿಲ್ಲ," ಎಂದೆ.

"ಸುಮ್ಮನ ಹಿಂದ ಬಾ," ಎಂದರು. ತಿರುಗಿ ನೋಡಲಿಲ್ಲ.

ನಾನು ಹೊಟ್ಟೆ ಹಿಡಿದುಕೊಂಡು ಹೊಲದ ಗುಡಿಸಲಿಗೆ ಓಡಿದೆ. ಹೊರಗೆ ಅವರು ಕೂಗುತ್ತಲೇ ಇದ್ದರು. ಪ್ರತಿ ಕೂಗಿಗೂ ಅವರ ಹಿಂದಿನಿಂದ ಉತ್ತರ ಬರುತ್ತಿತ್ತು. ನನ್ನದೇ ದನಿ, ನನ್ನಂತೆಯೇ ಕೊನೆಗೆ ಉಸಿರು ಸಾಲುತ್ತಿರಲಿಲ್ಲ. ಮಡಿಲಲ್ಲಿದ್ದ ನೀರಿನ ತಂಬಿಗೆ ಒಂದೊಂದು ಉತ್ತರಕ್ಕೂ ಹಗುರಾಗುತ್ತಿತ್ತು.

ನಾಲ್ಕೂ ಬದು ಸುತ್ತಿ ಬಂದ ಯಜಮಾನರು ಖುಷಿಯಲ್ಲಿದ್ದರು. "ಮಳ್ಯಾಗೂ ಛಲೋ ಓಗೊಟ್ಟಿ ನೋಡು!"

"ನಾ ಇಲ್ಲೇ ಕುಂತಿದ್ನಿರಿ," ಎಂದೆ. ಅವರು ನನ್ನನ್ನೂ ಬರಿದಾದ ತಂಬಿಗೆಯನ್ನೂ ನೋಡಿದರು.

ಮರುವರ್ಷದಿಂದ ಚರಗಕ್ಕೆ ನನ್ನನ್ನು ಕರೆಯುವುದೇ ಇಲ್ಲ. ಒಬ್ಬರೇ ಹೋಗಿ ಕೂಗುತ್ತಾರೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಗುಡಿಸಲಲ್ಲಿ ಆ ಉತ್ತರ ಕೇಳುತ್ತೇನೆ.

ಅವರ ಹಿಂದೆ ಓಗೊಡುವ ಆಕೆ ಇಂದಿನವರೆಗೂ ಒಮ್ಮೆಯೂ "ಆಗೂದಿಲ್ಲ" ಎಂದಿಲ್ಲ.