ವರ್ಜಿಲ್ ಬಿಟ್ಟುಹೋದ ರಿವಾಲ್ವರ್

"ಅದನ್ನ ಮಾತ್ರ ಕೇಳ್ಬೇಡಪ್ಪಾ. ಇಷ್ಟು ಹೊತ್ತು ತೋರಿಸಿದೀನಲ್ಲ, ಅದ್ರಲ್ಲಿ ಯಾವ್ದು ಬೇಕಾದ್ರೂ ತಗೋ. ಅದು ಬೇಡ," ಎಂದ ಬಂದೂಕಿನಂಗಡಿಯ ಮುದುಕ ಹೋಬರ್ಟ್.

ಲೆಲಂಡ್ ನಕ್ಕುಬಿಟ್ಟ. ಬೆಳಗ್ಗೆಯಿಂದ ಅವನು ಆ ಗಾಜಿನ ಕಪಾಟಿನ ಮುಂದೆಯೇ ನಿಂತಿದ್ದ. ಕಾಡುಹಂದಿಗಳು ತೋಟಕ್ಕೆ ನುಗ್ಗಿ ಗೆಣಸಿನ ಸಾಲನ್ನೆಲ್ಲ ಬುಡಮೇಲು ಮಾಡಿದ್ದವು. ಸೊಂಟದಲ್ಲಿ ಇಟ್ಟುಕೊಂಡು ಓಡಾಡಲು ಜೋರು ಗುಂಡು ಹಾರಿಸುವ ಒಂದು ಮ್ಯಾಗ್ನಮ್ ರಿವಾಲ್ವರ್ ಬೇಕಿತ್ತು. ಹೋಬರ್ಟ್ ಅಂಗಡಿಯ ಹಿಂದಿನ ಮಣ್ಣುದಿಬ್ಬಕ್ಕೆ ಒಂದೊಂದನ್ನೇ ಹಾರಿಸಿ ನೋಡಲು ಕೊಟ್ಟಿದ್ದ. ಎರಡು ಇಂಚು ನಳಿಗೆಯ ಗಿಡ್ಡನೆಯದು ಮಣಿಕಟ್ಟು ಮುರಿಯುವಂತೆ ಒದ್ದು, ಕಣ್ಣಮುಂದೆ ಬೆಂಕಿಯುಂಡೆ ಉಗುಳಿತು. ಎಂಟು ಇಂಚಿನದು ನೆಟ್ಟಗೆ ಹೊಡೆಯಿತು, ಆದರೆ ಕೂತರೆ ತೊಡೆಗೆ ಚುಚ್ಚುವಷ್ಟು ಉದ್ದ. ನಾಲ್ಕು ಇಂಚಿನದೇ ಸರಿ ಎಂದು ಇಬ್ಬರೂ ಒಪ್ಪಿ, ಹೊಸದೊಂದನ್ನು ಎತ್ತಿಟ್ಟೂ ಆಗಿತ್ತು. ಆಗಲೇ ಕೆಳಗಿನ ಹಲಗೆಯ ಮೂಲೆಯಲ್ಲಿ, ಎಣ್ಣೆಬಟ್ಟೆಯ ಸುರುಳಿಯಿಂದ ಇಣುಕುತ್ತಿದ್ದ ಮರದ ಹಿಡಿ ಅವನ ಕಣ್ಣಿಗೆ ಬಿದ್ದಿದ್ದು.

"ಯಾರದ್ದು ಅದು?"

ಹೋಬರ್ಟ್ ಕನ್ನಡಕ ತೆಗೆದು ಒರೆಸಿದ. "ವರ್ಜಿಲ್‌ದು."

ಲೆಲಂಡನ ನಗು ಇಂಗಿತು. ವರ್ಜಿಲ್ ಅವನ ಹೆಂಡತಿ ಆರ್ಡಿತ್‌ಳ ಮೊದಲ ಗಂಡ. ಮರ ಕೊಯ್ಯುವ ಮಿಲ್ಲಿನ ಧೂಳು ಕುಡಿದು ಎದೆ ಕೆಟ್ಟು, ಸತ್ತು ನಾಲ್ಕು ವರ್ಷವಾಗಿತ್ತು. ಆದರೂ ಅಮೆರಿಕದ ಓಝಾರ್ಕ್ ಬೆಟ್ಟದ ಆ ಕಣಿವೆಯಲ್ಲಿ ಅವನ ಹೆಸರಿಲ್ಲದೆ ದಿನ ಮುಗಿಯುತ್ತಿರಲಿಲ್ಲ. ಚಿಕಾಗೊ ಬಿಟ್ಟು ಬಂದು ಆರ್ಡಿತ್‌ಳನ್ನು ಮದುವೆಯಾದ ಈ ಒಂದೂವರೆ ವರ್ಷದಲ್ಲಿ ಲೆಲಂಡ್ ಅವನ ಕುರ್ಚಿಯಲ್ಲಿ ಕೂತಿದ್ದ, ಅವನ ತಟ್ಟೆಯಲ್ಲಿ ಉಂಡಿದ್ದ. 'ವರ್ಜಿಲ್ ಆಗಿದ್ರೆ ಒಂದೇ ಗುಂಡಿಗೆ ಹಂದಿ ಉರುಳಿಸ್ತಿದ್ದ' ಎಂದು ಆರ್ಡಿತ್ ಹಿಂದಿನ ದಿನವಷ್ಟೇ ಹೇಳಿದ್ದಳು. ಸುಮ್ಮನೆ ಬಂದ ಮಾತು. ಲೆಲಂಡನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ.

"ತೋರಿಸಿ, ಯಜಮಾನ್ರೇ."

"ಸಾಯೋ ಮುಂಚೆ ಬೆಟ್ಟದ ಮೇಲಿರೋ ಮಾಟದ ಮುದುಕಿ ಹತ್ರ ಹೋಗಿದ್ದ ಕಣಪ್ಪಾ." ಹೋಬರ್ಟ್‌ನ ದನಿ ತಗ್ಗಿತು. "ಆರ್ಡಿತ್ ಕೂದಲು ತಗೊಂಡು ಹೋಗಿ, ತನ್ನ ರಕ್ತದಲ್ಲಿ ಅದ್ದಿಸಿ, ಆ ಹಿಡಿ ಒಳಗೆ ಕಟ್ಟಿಸ್ಕೊಂಡು ಬಂದ. ನನ್ನ ಕೈಗಿಟ್ಟು ಏನಂದ ಗೊತ್ತಾ? ನನ್ನ ಜಾಗಕ್ಕೆ ಬರೋನು ಒಂದಿನ ಇಲ್ಲಿಗೂ ಬರ್ತಾನೆ. ನೀನಾಗಿ ತೋರಿಸ್ಬೇಡ. ಅವನೇ ಕೇಳಿದ್ರೆ ಇಲ್ಲ ಅನ್ಬೇಡ, ಅಂದ."

"ಹೆಂಡ್ತೀನ ಕಾಯೋದು ಬದುಕಿದ್ದೋರ ಕೈಲೇ ಆಗಲ್ಲ. ಸತ್ತೋನು ಕಾಯ್ತಾನಾ? ಕೊಡಿ, ಕೇಳ್ತಿದೀನಲ್ಲ!"

ಮುದುಕ ಬಟ್ಟೆ ಬಿಚ್ಚಿದ. ಕರ್ಪೂರ ಬೆರೆತ ರೋಗಿಯ ಉಸಿರಿನಂಥ ವಾಸನೆ ಗಪ್ಪನೆ ಬಡಿಯಿತು. ಲೆಲಂಡ್ ಹಿಡಿಯನ್ನು ಹಿಡಿದೆತ್ತಿದ. ಅಂಗೈಗೆಂದೇ ಕೆತ್ತಿದಂತೆ ಕೂತಿತು. ಹೋಬರ್ಟ್ ಒಂದು ಹೆಜ್ಜೆ ಹಿಂದೆ ಸರಿದ. ಬೆಳಗ್ಗೆಯಿಂದ ಬಲಗೈಯಲ್ಲಿ ಹಾರಿಸುತ್ತಿದ್ದವನು ಇದನ್ನು ಎತ್ತಿದ್ದು ಎಡಗೈಯಲ್ಲಿ, ಎಡಚನಾಗಿದ್ದ ವರ್ಜಿಲನ ಹಾಗೆ.

ಮರುದಿನದಿಂದ ಲೆಲಂಡ್ ಬೇಲಿಯ ಕಂಬಗಳ ಮೇಲೆ ಖಾಲಿ ಡಬ್ಬಿಗಳನ್ನಿಟ್ಟು ಹೊಡೆಯತೊಡಗಿದ. ಒಂದೂ ತಪ್ಪಲಿಲ್ಲ. ಮೂರನೆಯ ದಿನ ದೊಡ್ಡ ಗಂಡುಹಂದಿಯೊಂದು ಒಂದೇ ಗುಂಡಿಗೆ ಉರುಳಿತು. ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದ ಆರ್ಡಿತ್‌ಳ ಮಡಿಲಿನಿಂದ ಬೋಗುಣಿ ಜಾರಿಬಿತ್ತು.

"ಹಾಗೆ ನಿಂತ್ಕೋಬೇಡ," ಎಂದಳು.

"ಹೇಗೆ?"

ಅವಳು ಬಗ್ಗಿ ಚೆಲ್ಲಿದ ಕಾಳನ್ನು ಬಾಚಿಕೊಂಡಳು. ಆದರೆ ಅಂದಿನಿಂದ ಅವಳ ಹೆದರಿಕೆ ಬೇರೇನೋ ಆಗತೊಡಗಿತು. ಕದ್ದು ನೋಡುತ್ತಿದ್ದಳು. ಕೂದಲು ಬಿಚ್ಚಿ ಓಡಾಡುತ್ತಿದ್ದಳು. ಒಂದು ಮಧ್ಯಾಹ್ನ ಒಲೆಯ ಮುಂದೆ ನಿಂತವಳ ಕೆನ್ನೆಯನ್ನು ಅವನ ಎಡಗೈ ಸವರಿತು. ಸವರಬೇಕೆಂದು ಲೆಲಂಡ್ ಅಂದುಕೊಂಡಿರಲೇ ಇಲ್ಲ. ಕಿವಿಯ ಹಿಂದಿನ ಒಂದು ಜಾಗವನ್ನು ಬೆರಳುಗಳು ತಾವಾಗಿ ಹುಡುಕಿಕೊಂಡವು. ಆರ್ಡಿತ್ ಕಣ್ಣು ಮುಚ್ಚಿ, ಅಂಗೈಗೆ ಪೂರ್ತಿ ಒರಗಿದಳು. ಒಂದೂವರೆ ವರ್ಷದಲ್ಲಿ ಅವಳು ಹಾಗೆ ಒರಗಿದ್ದು ಅದೇ ಮೊದಲು.

ಲೆಲಂಡನಿಗೆ ಅವಳ ಕೆನ್ನೆ ತಾಕಲೇ ಇಲ್ಲ. ಬಿಸಿಯಿಲ್ಲ, ನುಣುಪಿಲ್ಲ. ಮೊಣಕೈಯಿಂದ ಕೆಳಗೆ ಆ ಕೈ ಅವನದಾಗಿರಲಿಲ್ಲ.

ತನ್ನ ಮನೆಯಲ್ಲಿ, ತನ್ನ ಮೈಯಲ್ಲೇ ನಿಂತು, ಇನ್ನೊಬ್ಬ ತನ್ನ ಹೆಂಡತಿಯನ್ನು ಮುಟ್ಟಿದ್ದ. ಅವಳಿಗೆ ಅದು ಗೊತ್ತಿತ್ತು.

ರಿವಾಲ್ವರನ್ನು ಹಿಂದಿರುಗಿಸಲು ಮರುದಿನ ಹೊರಟ. ನಡುಹಗಲು. ಅಂಗಳದಲ್ಲಿ ದೇವದಾರು ಸೌದೆಯ ಘಾಟು. ಕೊರಡಿನಲ್ಲಿ ಕೊಡಲಿ ನೆಟ್ಟಿತ್ತು. ಆರ್ಡಿತ್ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಅವಳನ್ನು ದಾಟಿ ನಡೆಯುವಾಗ ಲೆಲಂಡನ ಬಾಯಿ ತಾನಾಗಿ ತೆರೆಯಿತು.

"ಗುಬ್ಬೀ."

ಆ ಹೆಸರು ಅವನಿಗೆ ಗೊತ್ತಿರಲಿಲ್ಲ. ದನಿಯೂ ಅವನದಲ್ಲ. ಧೂಳು ಕುಡಿದು ಒಡೆದ ದನಿ.

ಒದ್ದೆ ಬಟ್ಟೆಗಳ ನಡುವಿನಿಂದ ಅವಳು ತಿರುಗಿದಳು. ದೀಪ ಹಚ್ಚಿದಂತೆ ಮುಖ ಬೆಳಗಿತು.

"ವರ್ಜಿಲ್?"

ರಿವಾಲ್ವರ್ ಹಿಡಿದಿದ್ದ ಎಡಗೈ ಮೇಲೆದ್ದಿತು. ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತು. ನಳಿಗೆ ಅವನ ಪಕ್ಕೆಲುಬಿಗೇ ಒತ್ತಿತು. ತಣ್ಣಗೆ. ಬೆರಳು ಬಿಡಿಸಲು ನೋಡಿದ. ಬರಲಿಲ್ಲ. ಕಬ್ಬಿಣ. ಕಚ್ಚಿದ. ನೋವಿಲ್ಲ. ಹೆಬ್ಬೆರಳು ರಿವಾಲ್ವರಿನ ಕುದುರೆಯನ್ನು ಹಿಂದಕ್ಕೆ ಎಳೆಯಿತು. ಟಕ್.

"ಆರ್ಡಿತ್! ಹಿಡ್ಕೋ! ಈ ಕೈ ಹಿಡ್ಕೋ!"

ಅವಳು ಬರಲಿಲ್ಲ. ಎದೆಗೆ ಒದ್ದೆ ಬಟ್ಟೆ ಅವಚಿಕೊಂಡು ಸುಮ್ಮನೆ ನಿಂತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಕಾಯುತ್ತಿದ್ದಳು.

ಅದನ್ನು ಕಂಡಾಗ ಹೆದರಿಕೆ ಸತ್ತಿತು. ಹೊಟ್ಟೆಕಿಚ್ಚೊಂದೇ ಉಳಿಯಿತು. ಕೊರಡಿನ ಪಕ್ಕ ಮೊಣಕಾಲೂರಿದ. ಬಲಗೈಗೆ ಕೊಡಲಿ ಸಿಕ್ಕಿತು. ಮೈ ಹೊರಳಿಸಿದ. ನಳಿಗೆ ಜಾರಿತು. ಎಡಗೈ ಕೊರಡಿಗೆ ಬಿತ್ತು. ಕೊಡಲಿ ಎತ್ತಿದ. ಗುಂಡು ಸಿಡಿಯಿತು. ಕೊಡಲಿಯೂ ಇಳಿಯಿತು.

ಗುಂಡು ಪಕ್ಕೆಯ ಚರ್ಮ ಸೀಳಿಕೊಂಡು ಹೋಗಿತ್ತು. ಸದ್ದು ಕೇಳಿ ಬಂದ ಪಕ್ಕದ ತೋಟದವರು ಮೊಣಕೈಗೆ ಬಿಗಿಯಾಗಿ ಬೆಲ್ಟು ಕಟ್ಟಿ, ತುಂಡಾಗಿ ಬಿದ್ದಿದ್ದ ಕೈಯ ಸಮೇತ ಆಸ್ಪತ್ರೆಗೆ ಸೇರಿಸಿದರು. ಲೆಲಂಡ್ ಬದುಕಿಕೊಂಡ. ಎಚ್ಚರವಾದಾಗ ಆರ್ಡಿತ್ ಮಂಚದ ಪಕ್ಕದಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತನಗಾಗಿ ಅಳುತ್ತಿದ್ದಾಳೆಂದುಕೊಂಡು ಅವನು ಬಲಗೈ ಚಾಚಿದ. ಅಷ್ಟರಲ್ಲಿ ನರ್ಸ್ ಒಳಗೆ ಬಂದಳು.

ಆರ್ಡಿತ್ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಆ ಕೈ ಎಲ್ಲಿಟ್ಟಿದೀರಮ್ಮಾ? ನನಗೆ ಕೊಡ್ತೀರಾ?"

ಕೊಟ್ಟರು. ಅವಳು ಅದನ್ನು ವರ್ಜಿಲನ ಗೋರಿಯ ಪಕ್ಕ ಹೂಳಿಸಿದಳು. ಈಗ ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಲೆಲಂಡ್ ಒಂದೇ ಕೈಯಲ್ಲಿ ಕಾರು ಓಡಿಸಿ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಾನೆ. ಅವಳು ಮಣ್ಣಿಗೆ ಕೆನ್ನೆಯೊತ್ತಿ ಮಲಗುತ್ತಾಳೆ. ಅವನು ಗೇಟಿನ ಹೊರಗೆ ಕಾಯುತ್ತಾನೆ. ಎಷ್ಟು ಹೊತ್ತಾದರೂ ಕರೆಯುವುದಿಲ್ಲ. ಕರೆದರೆ ಅವಳು ತಿರುಗಿ ನೋಡುತ್ತಾಳೆ, ಕರೆದವನು ಯಾರೆಂದು ಕಂಡೊಡನೆ ಅವಳ ಮುಖ ಆರಿಹೋಗುತ್ತದೆ. ಅದನ್ನು ನೋಡುವ ಧೈರ್ಯ ಅವನಿಗಿಲ್ಲ.