ಬಾಯಿಗೆ ಬಂದದ್ದು ಮಾತಾಡಿ

ಮೈಕಿನಲ್ಲಿ ನಾನು ಕೇಳಿದೆ, ಅವನು ಹೆಬ್ಬೆರಳು ಎತ್ತಿದ. ಆ ಒಂದು ಹೆಬ್ಬೆರಳನ್ನು ನಂಬಿಕೊಂಡು ನಾನು ಅವತ್ತು ಮಧ್ಯಾಹ್ನವಿಡೀ ಖುಷಿಯಾಗಿದ್ದೆ. ನನ್ನಂಥ ಪೆದ್ದಿ ಹುಡುಕಿದರೂ ಸಿಗಲಿಕ್ಕಿಲ್ಲ.

ಅವನನ್ನು ಎಲ್ಲರೂ ಕರೆಯೋದು ಕಿವಿ ಅಂತ. ಸೌಂಡ್ ಎಂಜಿನಿಯರ್. ಮೂರು ಗಿಟಾರ್ ಒಟ್ಟಿಗೆ ಅರಚುತ್ತಿದ್ದರೂ ಯಾವುದರ ತಂತಿ ಕೂದಲೆಳೆಯಷ್ಟು ಸಡಿಲವಾಗಿದೆ ಅಂತ ಹಾಲ್‌ನ ಆ ತುದಿಯಿಂದ ಹೇಳುತ್ತಾನೆ. ನಾನು ಹೆವಿ ಮೆಟಲ್ ಬ್ಯಾಂಡಿನಲ್ಲಿ ಹಾಡುತ್ತೇನೆ. ಹಾಡೋದು ಅಂದರೆ ಗಂಟಲಿನ ತಳದಿಂದ ಗುಡುಗೋದು. ಅಮ್ಮನ ಪ್ರಕಾರ ವಾಂತಿ ಮಾಡ್ಕೊಳ್ಳೋದು. ನೋಡೋಕೆ ಇಷ್ಟೇ ಇಷ್ಟು ಇದ್ದೀನಿ ಅಂತ ನನಗೆ ಗುಬ್ಬಿ ಅಂತ ಹೆಸರಿಟ್ಟವನು ಅವನೇ.

ಮೊದಲ ಸಲ ಅವನೆದುರು ಮೈಕ್ ಹಿಡಿದಾಗ ಎಲ್ಲರ ಹಾಗೆ "ಚೆಕ್, ಚೆಕ್" ಅಂದಿದ್ದೆ.

"ಅದು ಬೇಡ," ಅಂದ ಸೌಂಡ್ ಮಿಕ್ಸರ್ ಹಿಂದಿನಿಂದ. "ಚೆಕ್ ಅನ್ನುವಾಗ ಎಲ್ಲರದ್ದೂ ಒಂದೇ ದನಿ. ಬಾಯಿಗೆ ಬಂದದ್ದು ಮಾತಾಡಿ, ಆಗ ನಿಮ್ಮ ದನಿ ಸಿಗುತ್ತೆ."

"ಏನು ಬೇಕಾದ್ರೂ?"

"ಏನು ಬೇಕಾದ್ರೂ."

"ಮಿಕ್ಸರ್ ಹಿಂದೆ ನಿಂತಿರೋರ ಶರ್ಟ್ ಗುಂಡಿ ಮೇಲೆ ಕೆಳಗಾಗಿದೆ."

ಅವನು ಕತ್ತು ಬಗ್ಗಿಸಿ ನೋಡಿಕೊಂಡ. ಮುಖ ಕೆಂಪಾಯ್ತು. ಗುಂಡಿ ಸರಿ ಮಾಡಿಕೊಳ್ಳೋದು ಬಿಟ್ಟು, ಒಂದು ಹುಬ್ಬು ಮಾತ್ರ ಎತ್ತಿ ನನ್ನನ್ನೇ ನೋಡಿದ. ಹಾಡಬೇಕಾದ ಹಾಡೇ ನನಗೆ ಮರೆತುಹೋಯ್ತು.

ಅಲ್ಲಿಂದ ಸೌಂಡ್ ಚೆಕ್ ಅಂದರೆ ನಮ್ಮಿಬ್ಬರ ಆಟ. ಎಲ್ಲರೆದುರಿಗೇ, ಅಷ್ಟು ದೊಡ್ಡ ಸ್ಪೀಕರಿನಲ್ಲಿ, ಅವನನ್ನು ರೇಗಿಸುತ್ತಿದ್ದೆ. ಅವನು ನಗು ತಡೆದುಕೊಂಡು ಮಿಕ್ಸರಿನ ಗುಂಡಿ ತಿರುಗಿಸುತ್ತಿದ್ದ. ನೀನಂದ್ರೆ ಇಷ್ಟ ಅಂತ ನಾನು ಮೊದಲು ಹೇಳಿದ್ದೂ ಮೈಕಿನಲ್ಲೇ.

ಅವತ್ತಿನ ಕಾನ್ಸರ್ಟ್ ಅವನ ಕನಸು. ಮನಸ್ಸು ಸರಿಯಿಲ್ಲದೆ ಒದ್ದಾಡುವ ನಮ್ಮ ವಯಸ್ಸಿನವರಿಗೆ ಪುಕ್ಕಟೆ ಕೌನ್ಸೆಲಿಂಗ್ ಸಿಗಲಿ ಅಂತ ನಾವು ಕೆಲವು ಬ್ಯಾಂಡಿನವರೇ ಸೇರಿ ಮಾಡಿದ್ದು. ಓಡಾಡಿದ್ದೆಲ್ಲ ಅವನು. ಬ್ಯಾಡ್ಮಿಂಟನ್ ಹಾಲ್ ಹಿಡಿದ, ಅಕ್ಕಪಕ್ಕದ ಮನೆಯವರ ಕೈಕಾಲು ಹಿಡಿದು ಒಪ್ಪಿಸಿದ, "ಮಾತಾಡಿ, ನಾವು ಕೇಳ್ತೀವಿ" ಅಂತ ಬ್ಯಾನರ್ ಬರೆಸಿದ. ನನಗೆ ಮಾತ್ರ ಸಿಗಲಿಲ್ಲ. ಯಾವಾಗ ಫೋನ್ ಮಾಡಿದರೂ "ಆಮೇಲೆ ಮಾಡ್ತೀನಿ ಗುಬ್ಬಿ."

ಆ ಓಡಾಟದ ದಿನಗಳಲ್ಲೇ ನನ್ನ ನಿದ್ದೆ ಹಾರಿಹೋಯ್ತು. ಎದ್ದು ಹಲ್ಲುಜ್ಜೋದೂ ಬೆಟ್ಟ ಹತ್ತಿದಂತಾಯ್ತು. ಯಾರಿಗೂ ಹೇಳದೆ ಡಾಕ್ಟರ್ ಹತ್ತಿರ ಹೋದೆ. ಅವರು ಮಾತ್ರೆ ಬರೆದುಕೊಟ್ಟು, ಸೋಮವಾರ ಬಾಮ್ಮ, ಹತ್ತಿರದವರು ಯಾರಾದರೂ ಜೊತೆಗಿರಲಿ ಅಂದರು. ನನಗೆ ಹತ್ತಿರದವನು ಅಂದರೆ ಅವನೇ. ಅವನು ಪಕ್ಕದಲ್ಲಿ ಕೂತರೆ ಇದನ್ನೂ ದಾಟುತ್ತೇನೆ ಅಂದುಕೊಂಡೆ.

ಹಾಗಾಗಿ ಕಾನ್ಸರ್ಟಿನ ದಿನ ಬೆಳಗ್ಗೆ ಮೈಕ್ ಕೈಗೆ ಬಂದಾಗ ಹೇಳಿಯೇಬಿಟ್ಟೆ. "ಕಿವಿ, ನನಗೆ ಸಾಕಾಗಿದೆ. ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತೆ. ಸೋಮವಾರ ಡಾಕ್ಟರ್ ಹತ್ರ ಹೋಗ್ಬೇಕು. ಜೊತೆಗೆ ಬರ್ತೀಯಾ?"

ನನ್ನ ಹಿಂದೆ ನಮ್ಮ ಬ್ಯಾಂಡಿನ ಡ್ರಮ್ಮರ್ ಅಕ್ಕನ ಕೈ ನಿಂತಿತು. ಕಿವಿ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ತಲೆಯಾಡಿಸಿದ. ಹೆಬ್ಬೆರಳು ಎತ್ತಿದ.

ಎಷ್ಟು ಹಗುರವಾಯ್ತು ಅಂದರೆ, ಅವತ್ತು ನಾನು ಹಾಡಿದ ಹಾಗೆ ಯಾವತ್ತೂ ಹಾಡಿಲ್ಲ. ನಮ್ಮ ಹಾಡು ಮುಗಿದ ಮೇಲೆ ಅವನು ಸ್ಟೇಜಿಗೆ ಬಂದು ಮಾತಾಡಿದ. "ನಿಮ್ಮ ಪಕ್ಕದಲ್ಲಿರೋರನ್ನ ಹೇಗಿದ್ದೀಯ ಅಂತ ಕೇಳಿ. ಕೇಳಿ ಸುಮ್ಮನಾಗ್ಬೇಡಿ, ಉತ್ತರಕ್ಕೆ ಕಾಯಿರಿ." ಕಪ್ಪು ಟೀ ಶರ್ಟಿನ ಹುಡುಗರು ಮೂಗು ಒರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಜನ ಕರಗಿದ ಮೇಲೆ ಅವನು ಕೇಬಲ್ ಸುತ್ತುತ್ತಿದ್ದ. ಹೋಗಿ ಭುಜಕ್ಕೆ ಭುಜ ತಾಗಿಸಿದೆ.

"ಸೋಮವಾರ ಹತ್ತೂವರೆಗೆ. ಮರೀಬೇಡ."

"ಏನು ಸೋಮವಾರ?"

ರೇಗಿಸುತ್ತಿದ್ದಾನೆ ಅಂದುಕೊಂಡು ನಕ್ಕೆ. "ಬೆಳಗ್ಗೆ ಮೈಕಲ್ಲಿ ಕೇಳಿದ್ನಲ್ಲ. ನೀನು ಹೆಬ್ಬೆರಳು ಬೇರೆ ಎತ್ತಿದೆ."

"ಅದಾ? ದನಿ ಸರಿಯಾಯ್ತು ಅಂತ ಎತ್ತಿದ್ದು. ನಿನ್ನ 'ಸ' ಅಕ್ಷರ ಸ್ಪೀಕರಲ್ಲಿ ಸ್ವಲ್ಪ ಚುಚ್ತಾ ಇತ್ತು ಗುಬ್ಬಿ, ಅದನ್ನ ತಗ್ಗಿಸ್ತಿದ್ದೆ. ಮಾತು ಕಿವಿಗೆ ಬೀಳ್ಲಿಲ್ಲ. ಏನಂದಿದ್ದೆ?"

ಸಾಕಾಗಿದೆ ಅಂದಿದ್ದೆ. ಸೋಮವಾರ ಅಂದಿದ್ದೆ. ಎರಡರ 'ಸ'ವನ್ನೂ ಅವನು ಎಷ್ಟು ನಯ ಮಾಡಿಟ್ಟಿದ್ದ.

ಮತ್ತೆ ಹೇಳಿದೆ, ಮೈಕಿಲ್ಲದೆ. ಅವನ ಕೈಯಿಂದ ಕೇಬಲ್ ಜಾರಿತು. ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ನಿಜವಾಗಿಯೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

"ಎಂಥಾ ಹುಡುಗಿ ನೀನು. ಇಷ್ಟೆಲ್ಲ ಒಳಗಿಟ್ಕೊಂಡು ಹಾಡಿದ್ಯಾ?" ಅಂದ. ಅಷ್ಟಕ್ಕೆ ನಿಲ್ಲಿಸಬಾರದಿತ್ತಾ? "ಇದನ್ನೇ ಸ್ಟೇಜ್ ಮೇಲೆ ಹೇಳಿದ್ದಿದ್ರೆ ಎಷ್ಟು ಜನಕ್ಕೆ ಧೈರ್ಯ ಬರ್ತಿತ್ತು."

ಕೈ ಬಿಡಿಸಿಕೊಂಡೆ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನ್ನ ಹೊಟ್ಟೆ ಉರಿಸಿದ್ದೂ ಅದೇ.

"ಅಣ್ಣಾ, ಸ್ವಲ್ಪ ಮಾತಾಡ್ಬೇಕಿತ್ತು." ಕಾಲೇಜು ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಕಿವಿ ಅವಳನ್ನು ನೋಡಿದ, ನನ್ನನ್ನು ನೋಡಿದ.

"ಸೋಮವಾರ ಖಂಡಿತ ಬರ್ತೀನಿ ಗುಬ್ಬಿ."

"ಬರ್ಬೇಡ," ಅಂದೆ. "ಸೋಮವಾರಾನೂ ಬೇಡ, ಆಮೇಲೂ ಬೇಡ. ನಿನ್ನ ಮೇಲಿನ ಪ್ರೀತಿ ಹೋಗಿಲ್ಲ ಕಣೋ. ಕೇಳಿಸ್ಕೋ ಅಂತ ಅಂಗಲಾಚೋ ಶಕ್ತಿ ಹೋಗಿದೆ."

"ಗುಬ್ಬಿ, ಪ್ಲೀಸ್."

"ಹೋಗು. ಅವಳನ್ನ ಕಾಯಿಸ್ಬೇಡ."

ಅವನು ಹೋದ. ಹೋಗದೆ ಇರುವವನಾಗಿದ್ದರೆ ನಾನು ಅವನನ್ನು ಅಷ್ಟು ಪ್ರೀತಿಸುತ್ತಲೂ ಇರಲಿಲ್ಲವೇನೋ.

ಡ್ರಮ್ಮರ್ ಅಕ್ಕ ನನ್ನ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡು ಬಂದಳು. "ಬೆಳಗ್ಗೆ ನನಗೆ ಕೇಳಿಸ್ತು ಕಣೇ. ನಿಮ್ಮಿಬ್ಬರ ವಿಷಯ ಅಂತ ಬಾಯಿ ಮುಚ್ಕೊಂಡಿದ್ದೆ. ಸೋಮವಾರ ನಾನು ಬರ್ಲಾ?"

ಹೂಂ ಅಂದೆ.

ಬಾಗಿಲ ಹತ್ತಿರ ಹೋದವಳು ತಿರುಗಿ ನೋಡಿದೆ. ಅವನು ನೆಲದ ಮೇಲೆ ಆ ಹುಡುಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಫೋನ್ ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಅವಳ ಮುಖವನ್ನೇ ನೋಡುತ್ತ, ಒಂದೊಂದು ಮಾತಿಗೂ ಮೆಲ್ಲಗೆ ಹೂಂಗುಟ್ಟುತ್ತಿದ್ದ. ಹೆಸರೂ ಗೊತ್ತಿಲ್ಲದ ಆ ಹುಡುಗಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ನಾನೂ ಅವನಿಗೆ ಯಾರೋ ಆಗಿದ್ದಿದ್ದರೆ, ನನ್ನ ಮಾತನ್ನೂ ಹಾಗೇ ಕೇಳುತ್ತಿದ್ದ.