ಬಾಗಿಲಲ್ಲಿ ಬಿದ್ದ ಸಲಾಮು

"ಸರ್, ನಿಮ್ಮ ಖಾತೆಯಲ್ಲಿ ಪಾಯಿಂಟುಗಳೇ ಇಲ್ಲವಲ್ಲ!"

ಹೋಟೆಲಿನ ಕೌಂಟರಿನ ಹುಡುಗಿ ಇದನ್ನು ನಗುನಗುತ್ತಲೇ ಹೇಳಿದಳು. ನಗುವುದು ಅವಳ ಕೆಲಸದ ಭಾಗ. ಬೀಜದ ಸಾಹೇಬ ಮಾತ್ರ ಕೌಂಟರಿನ ಮೇಲೆ ಬಾಗಿ ಅವಳ ಪರದೆಯಲ್ಲಿ ಇಣುಕಿದ.

"ಇಲ್ಲ ಅಂದ್ರೆ? ಇನ್ನೊಂದ್ಸಲ ನೋಡಿ."

"ಎರಡು ಸಲ ನೋಡಿದೆ ಸರ್. ಹೋದ ತಿಂಗಳು ಯಾರೋ ಎಲ್ಲವನ್ನೂ ಬಳಸಿಬಿಟ್ಟಿದ್ದಾರೆ."

"ಯಾರೋ ಅಂದ್ರೆ ಯಾರು? ಯಾತಕ್ಕೆ ಬಳಸಿದ್ರು?"

"ಅದು ಮುಖ್ಯ ಕಚೇರಿಯವರಿಗೆ ಮಾತ್ರ ಕಾಣುತ್ತೆ. ಇವತ್ತು ಶನಿವಾರ, ಅವರಿಗೆ ರಜಾ. ಸೋಮವಾರ ವಿಚಾರಿಸಬಹುದು."

ಸೋಮವಾರ! ಸೋಮವಾರದ ಹೊತ್ತಿಗೆ ಅವನು ಮತ್ತೆ ಯಾವುದೋ ಊರಿನ ಅಂಗಡಿಯ ಮುಂದೆ ಬೀಜದ ಚೀಲ ಇಳಿಸುತ್ತ ನಿಂತಿರಬೇಕು.

ಬಿತ್ತನೆಬೀಜದ ಕಂಪನಿಯ ಪರವಾಗಿ ಊರೂರು ಸುತ್ತುವ ಅವನಿಗೆ ಬೀಜದ ಸಾಹೇಬ ಎಂಬ ಹೆಸರನ್ನು ಊರವರೇ ಇಟ್ಟಿದ್ದರು. ಎಲ್ಲಿ ಹೋದರೂ ಅವನು ತಂಗುತ್ತಿದ್ದುದು ಈ ಒಂದೇ ಹೋಟೆಲಿನ ಶಾಖೆಗಳಲ್ಲಿ. ಹಾಸಿಗೆ ಗಂಟುಗಂಟಾಗಿರಲಿ, ನಲ್ಲಿಯಲ್ಲಿ ನೀರು ಬಾರದಿರಲಿ, ಅಲ್ಲೇ ಮಲಗುತ್ತಿದ್ದ. ಮಲಗಿದ ಪ್ರತಿ ರಾತ್ರಿಗೂ ಪಾಯಿಂಟು ಬೀಳುತ್ತದಲ್ಲ! ಮನೆಯಲ್ಲಿ ಅವನ ಅಪ್ಪ ಹಸು ನೋಡಿಕೊಳ್ಳುತ್ತಿದ್ದ, ಹೆಂಡತಿ ಊರವರ ಬಟ್ಟೆ ಹೊಲಿಯುತ್ತಿದ್ದಳು. "ನಾವೂ ಒಂದ್ಸಲ ಎಲ್ಲಾದ್ರೂ ಹೋಗೋಣ" ಎಂದು ಅವಳು ಬಾಯಿಬಿಟ್ಟಾಗಲೆಲ್ಲ ಅವನದು ಒಂದೇ ಉತ್ತರ: "ಇನ್ನೊಂದಿಷ್ಟು ಸೇರಲಿ ತಡಿ. ಮೇಲಿನ ಅಂತಸ್ತಿನ ರೂಮೇ ಪುಕ್ಕಟೆ ಸಿಗುತ್ತೆ."

ಕೊನೆಗೂ ಆ ದಿನ ಬಂದಿತ್ತು. ಮೇಲಿನ ಅಂತಸ್ತು, ಬೆಳಗಿನ ತಿಂಡಿ ಪುಕ್ಕಟೆ, ಈಜುಕೊಳ, ಭಾನುವಾರ ಸಂಜೆಯವರೆಗೆ ರೂಮು ಬಿಡಬೇಕಾಗಿಲ್ಲ. ಹೆಂಡತಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಗಿರಾಕಿಗಳಿಂದ ಬೈಸಿಕೊಂಡು ಬಂದಿದ್ದಳು.

ಬಾಗಿಲಲ್ಲಿ ಎಲ್ಲ ಚೆನ್ನಾಗಿಯೇ ಶುರುವಾಗಿತ್ತು. ಅವರು ಆಟೋದಿಂದ ಇಳಿಯುತ್ತಿದ್ದಂತೆ ದಪ್ಪ ಮೀಸೆಯ ಬಾಗಿಲಿನವನು ಓಡಿ ಬಂದು, ಕಾಲು ಜೋಡಿಸಿ ಸಲಾಮು ಹೊಡೆದು, ಚಕ್ರದ ನೀಲಿ ಸೂಟ್‌ಕೇಸನ್ನು ತಾನೇ ಎಳೆದುಕೊಂಡು ಒಳಗೆ ತಂದಿದ್ದ. ಮುಂದೆ ಹೋದ ಸೂಟುಬೂಟಿನವರ ಕಡೆ ಅವನು ತಿರುಗಿಯೂ ನೋಡಿರಲಿಲ್ಲ.

"ನೋಡಿದ್ಯಾ? ಚಿನ್ನದ ಸದಸ್ಯ ಅಂದ್ರೆ ಇದು!" ಎಂದು ಬೀಜದ ಸಾಹೇಬ ಎದೆಯುಬ್ಬಿಸಿದ್ದ. ಈಗ ಅದೇ ಎದೆ ಗಾಳಿ ಹೋದ ಟೈರಿನಂತಾಗಿತ್ತು.

"ನಿಮ್ಮ ಚಿನ್ನದ ಸದಸ್ಯತ್ವ ಹಾಗೇ ಇದೆ ಸರ್," ಎಂದು ಹುಡುಗಿ ಸಮಾಧಾನ ಹೇಳಿದಳು. "ತಿಂಡಿ ಪುಕ್ಕಟೆ, ತಡವಾಗಿ ಹೊರಡಬಹುದು. ರೂಮು ತಗೊಂಡ್ರೆ."

"ರೂಮೇ ಇಲ್ಲದೆ ತಡವಾಗಿ ಎಲ್ಲಿಂದ ಹೊರಡ್ಲಿ? ನಿಮ್ಮ ಮೆಟ್ಟಿಲಿಂದಾನಾ?"

ಹಿಂದೆ ನಿಂತಿದ್ದವರು ಕೆಮ್ಮಿದರು. ಹೆಂಡತಿ ಅವನ ತೋಳು ಹಿಡಿದು ಮೂಲೆಯ ಸೋಫಾಕ್ಕೆ ಕರೆತಂದಳು. ಸೂಟ್‌ಕೇಸೂ ಜೊತೆಗೆ ಉರುಳಿಬಂತು.

"ನಂಗೆ ಗೊತ್ತು ಇದು ಯಾರ ಕೆಲಸ ಅಂತ," ಹಲ್ಲು ಕಡಿದ ಅವನು.

"ಯಾರದು?"

"ಇನ್ಯಾರದು? ನಿನ್ನ ತಮ್ಮಂದು."

ಈ ಬುಕಿಂಗು ಮಾಡಿಸಿದವನೇ ಅವಳ ತಮ್ಮ. ಬೀಜದ ಸಾಹೇಬನ ಹಳೆಯ ಫೋನಿನಲ್ಲಿ ಹೋಟೆಲಿನ ಆ್ಯಪ್ ಕೂರುತ್ತಿರಲಿಲ್ಲ. ಪಾಸ್‌ವರ್ಡು ಗೊತ್ತಿದ್ದುದು ಇವನನ್ನು ಬಿಟ್ಟರೆ ಅವನೊಬ್ಬನಿಗೇ. ಹೆಂಡತಿ ಬಾಯಿ ತೆರೆಯುವುದರೊಳಗೆ ಇವನು ಫೋನು ಕಿವಿಗಿಟ್ಟಿದ್ದ.

"ಎಲ್ಲೋ ಹೋದ್ವು ನನ್ನ ಪಾಯಿಂಟುಗಳು?"

"ಏನ್ ಭಾವ ಹಾಗಂದ್ರೆ? ರೂಮು ಸಿಕ್ತಾ?"

"ರೂಮಂತೆ! ಮಜಾ ಮಾಡ್ಕೊಂಡು ಬಂದು ನನ್ನನ್ನೇ ಕೇಳ್ತೀಯಾ?"

ಅತ್ತ ಕಡೆಯ ದನಿ ತಗ್ಗಿತು. "ಭಾವ, ನಾನು ಕದ್ದೆ ಅಂತೀರಾ?"

ಇವನು ಇಲ್ಲ ಎನ್ನಲಿಲ್ಲ. ಫೋನು ಕಟ್ಟಾಯಿತು.

ಹೆಂಡತಿಯ ಮುಖ ಬಿಗಿಯಿತು. "ರೀ, ಸೋಮವಾರದ ತನಕ ಕಾಯೋಕೆ ನಂಗಾಗಲ್ಲ. ಇವತ್ತು ಗೊತ್ತಾಗಲಿಲ್ಲ ಅಂದ್ರೆ ನನ್ನ ತಮ್ಮ ನಿಮ್ಮ ಕಣ್ಣಲ್ಲಿ ಕಳ್ಳನಾಗೇ ಉಳೀತಾನೆ. ಆಮೇಲೆ ಅವನು ನಮ್ಮ ಹೊಸ್ತಿಲು ತುಳಿಯಲ್ಲ, ನಾನು ತವರಿಗೆ ಯಾವ ಮುಖ ಹೊತ್ತು ಹೋಗ್ಲಿ? ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳಿ. ಪಾಯಿಂಟು ತಗೊಳ್ಳೋಕೆ ಪಾಸ್‌ವರ್ಡೊಂದೇ ಸಾಕಾ?"

"ಇಲ್ಲ. ಫೋನಿಗೆ ಒಂದು ಸಂಖ್ಯೆ ಬರುತ್ತೆ, ಅದನ್ನೂ ಹೇಳ್ಬೇಕು."

"ಯಾರ ಫೋನಿಗೆ? ತಮ್ಮನ ಫೋನಿಗಾ?"

"ಅವನದಕ್ಯಾಕೆ ಬರುತ್ತೆ? ನಾನು ಕೊಟ್ಟಿರೋ ನಂಬರಿಗೆ."

"ಹಾಗಾದ್ರೆ ಬುಕಿಂಗು ಮಾಡುವಾಗ ಬಂದಿರಬೇಕಲ್ಲ?"

"ಬುಕಿಂಗಿಗೆ ಬೇಕಾಗಿರ್ಲಿಲ್ಲ. ಪಾಯಿಂಟು ಕೌಂಟರಲ್ಲೇ ಕೊಡ್ತೀನಿ, ಮೊದಲು ರೂಮು ನೋಡ್ಬೇಕು ಅಂತ ನಾನೇ ಹೇಳಿದ್ದೆ. ನೋಡದೆ ಕೊಡೋ ಅಭ್ಯಾಸ ನಂಗಿಲ್ಲ."

"ನೀವು ಕೊಟ್ಟಿರೋ ನಂಬರು ಯಾವುದು? ಕೈಲಿರೋದಾ?"

ಅವನು ಹುಬ್ಬು ಗಂಟಿಕ್ಕಿದ. "ಇದು ಕಂಪನಿ ಫೋನು. ನಂಬರು ಆಗಾಗ ಬದಲಾಯಿಸ್ತಾರೆ. ಅದಕ್ಕೇ ಶುರುವಲ್ಲೇ ಮನೆ ನಂಬರು ಕೊಟ್ಟೆ—ಕಿಟಕೀಲಿರೋ ಗುಂಡಿ ಒತ್ತೋ ಫೋನಿಂದು."

ಹೆಂಡತಿಯ ಕಣ್ಣು ಸೂಟ್‌ಕೇಸಿನ ಮೇಲೆ ನಿಂತಿತು. ಆಮೇಲೆ ಎದ್ದು ಬಾಗಿಲಿಗೆ ಹೋದಳು. ಮೀಸೆಯವನ ಹತ್ತಿರ ಏನೋ ಕೇಳಿದಳು. ಅವನು ಸೂಟ್‌ಕೇಸಿನ ಕಡೆ ಕೈ ತೋರಿಸಿ ಏನೋ ಹೇಳಿದ. ಅವಳು ತಿರುಗಿ ಬಂದಾಗ ಮುಖದಲ್ಲಿ ನಗುವೂ ಇತ್ತು, ಅಳುವೂ ಇತ್ತು.

"ಗೊತ್ತಾಯ್ತು ರೀ."

"ಯಾರು?"

"ಮೊದಲು ಇದು ಹೇಳಿ. ಬಾಗಿಲಲ್ಲಿ ನಿಮಗೆ ಸಲಾಮು ಬಿತ್ತಲ್ಲ, ಆಗ ನಿಮ್ಮ ಚಿನ್ನದ ಕಾರ್ಡು ಎಲ್ಲಿತ್ತು?"

"ಜೇಬಲ್ಲಿ. ಕೌಂಟರಿಗೆ ಬಂದ ಮೇಲೆ ತೆಗೆದೆ."

"ನಿಮ್ಮ ಹಣೆ ಮೇಲಂತೂ ಬರೆದಿಲ್ಲ. ಬಸ್ಸಿನ ಧೂಳು ಮೆತ್ತಿಕೊಂಡು ಬಂದ ನಮ್ಮನ್ನ ನೋಡಿ ಅವನ್ಯಾಕೆ ಓಡಿ ಬಂದ? ಸೂಟುಬೂಟಿನವರನ್ನ ಬಿಟ್ಟು?"

ಬೀಜದ ಸಾಹೇಬ ತಿರುಗಿ ಬಾಗಿಲಿನ ಕಡೆ ನೋಡಿದ.

"ಅವನು ಸಲಾಮು ಹೊಡೆದಿದ್ದು ನಿಮಗಲ್ಲ, ಈ ಸೂಟ್‌ಕೇಸಿಗೆ! ಇದು ಯಾವ ಅಂಗಡೀಲೂ ಸಿಗಲ್ವಂತೆ. ಪಾಯಿಂಟು ಕೊಟ್ಟವರಿಗೆ ಈ ಹೋಟೆಲಿನವರೇ ಕಳಿಸೋದಂತೆ. ಇದು ಕಂಡ್ರೆ ಓಡಿ ಹೋಗಿ ಎತ್ತಿಕೊಳ್ಳಬೇಕು ಅಂತ ಅವನಿಗೆ ಅಪ್ಪಣೆ."

"ಅಂದ್ರೆ... ಇದನ್ನ ತಂದಿದ್ದು..."

"ಮಾವ, ನಿಮ್ಮಪ್ಪ. ಪೇಟೇಲಿ ತಗೊಂಡೆ ಅಂತ ನನ್ನ ಕೈಗಿಟ್ರು. ನಂಗೆ ಆವತ್ತೇ ಅನುಮಾನ ಬರಬೇಕಿತ್ತು. ಮಾವ ಒಂದು ಹಗ್ಗ ತಂದ್ರೂ ಅಂಗಡಿಯವನನ್ನ ಹೇಗೆ ಬಗ್ಗಿಸಿದೆ ಅಂತ ವಾರಗಟ್ಟಲೆ ಹೇಳ್ತಾರೆ, ಹಸುವಿನ ಮುಂದೂ ಹೇಳ್ತಾರೆ! ಇಷ್ಟು ದೊಡ್ಡ ಸೂಟ್‌ಕೇಸು ಬಂತು, ಚೌಕಾಸಿ ಮಾಡಿದ ಕತೆ ಒಂದೂ ಬರ್ಲಿಲ್ಲ. ಚೌಕಾಸಿ ಮಾಡಿದ್ರೆ ತಾನೆ ಕತೆ ಬರೋದು?"

ಬೀಜದ ಸಾಹೇಬ ಮನೆಗೆ ಫೋನು ಹಚ್ಚಿದ. ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಪ್ಪ ಎತ್ತಿದ ಕೂಡಲೆ ಕೇಳಿದ್ದು, "ಸೂಟ್‌ಕೇಸಿನ ಚಕ್ರ ಸಲೀಸಾಗಿ ಉರುಳ್ತದೇನೋ?"

"ಉರುಳ್ತದೆ! ಅಪ್ಪ, ಹೋಟೆಲಿನವರು ಮನೆಗೆ ಫೋನು ಮಾಡಿದ್ರಾ?"

"ಮಾಡಿದ್ರಪ್ಪ. ಒಬ್ಬಳು ಹುಡುಗಿ. ಪಾಯಿಂಟೆಲ್ಲ ತಿಂಗಳ ಕೊನೇಲಿ ರದ್ದಾಗ್ತವೆ, ಬದಲಿಗೆ ಸೂಟ್‌ಕೇಸು ಕಳಿಸ್ಲಾ ಅಂದ್ಲು. ಫೋನಿಗೆ ಬಂದ ಸಂಖ್ಯೆ ಓದಿ ಅಂದ್ಲು, ಓದಿದೆ. ಪಾಪ, ಒಳ್ಳೆ ಹುಡುಗಿ."

"ನನಗೊಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನೇನಂತಿದ್ದೆ? ಇನ್ನೊಂದಿಷ್ಟು ಸೇರಲಿ ಅಂತಿದ್ದೆ. ಬೀಜ ಮಾರೋನು ನೀನು, ವರ್ಷಗಟ್ಟಲೆ ಚೀಲದಲ್ಲೇ ಕೂತ ಬೀಜ ಮೊಳೆಯಲ್ಲ ಅಂತ ನಾನು ಹೇಳಿಕೊಡ್ಬೇಕಾ? ನಿನ್ನ ಹೆಂಡ್ತಿ ಜಿಪ್ಪು ಕಿತ್ತುಹೋದ ಚೀಲಕ್ಕೆ ಪಿನ್ನು ಚುಚ್ಚಿಕೊಂಡು ತವರಿಗೆ ಹೋಗ್ತಿದ್ಲು. ನೀನಂತೂ ಎಲ್ಲೂ ಕರ್ಕೊಂಡು ಹೋಗಲ್ಲ, ತವರಿಗಾದ್ರೂ ನೆಟ್ಟಗೆ ಹೋಗಿ ಬರಲಿ ಅಂತ ತರಿಸಿದೆ. ಯಾಕೆ, ಏನಾಯ್ತು?"

ಬೀಜದ ಸಾಹೇಬನಿಗೆ ಇನ್ನೊಂದು ನೆನಪಾಗಿತ್ತು. ಹೆಂಡತಿ ಆ ಸೂಟ್‌ಕೇಸನ್ನು ಬೇಕೆಂತಲೇ ನಡುಮನೆಯಲ್ಲಿ ನಿಲ್ಲಿಸಿದ್ದಳು. ಹೋಗುತ್ತ ಬರುತ್ತ ಅದನ್ನು ಎಡವಿ ಎಡವಿ, ಖಾಲಿ ಸೂಟ್‌ಕೇಸಿನ ಮುಂದೆ ನಾಚಿಕೆಯಾಗಿಯೇ ಅವನು "ಆಯ್ತು, ಹೋಗೋಣ" ಎಂದದ್ದು. ಅದು ಬಾರದಿದ್ದರೆ ಪಾಯಿಂಟು ತಿಂಗಳ ಕೊನೆಗೆ ಸದ್ದಿಲ್ಲದೆ ಸತ್ತುಹೋಗುತ್ತಿತ್ತು. ಇವನು ಇನ್ನೂ ಸೇರಲಿ ಎನ್ನುತ್ತಲೇ ಇರುತ್ತಿದ್ದ.

"ಏನಿಲ್ಲಪ್ಪ," ಎಂದ. "ಚಕ್ರ ಚೆನ್ನಾಗಿದೆ."

ಎದ್ದು ಕೌಂಟರಿಗೆ ಹೋದ. ಮೇಲಿನ ಅಂತಸ್ತಿನ ರೂಮಿನ ಬಾಡಿಗೆ ಕೇಳಿದ. ಕೇಳಿ ಒಮ್ಮೆ ಕಣ್ಣು ಮುಚ್ಚಿದ. ಆಮೇಲೆ ಮೈಯ ಚರ್ಮ ಸುಲಿದುಕೊಟ್ಟವನಂತೆ ಪರ್ಸಿನಿಂದ ದುಡ್ಡು ತೆಗೆದಿಟ್ಟ.

"ಈ ಸಲದ ಪಾಯಿಂಟುಗಳನ್ನ ಯಾವ ನಂಬರಿಗೆ ಹಾಕಲಿ ಸರ್?" ಹುಡುಗಿ ಮತ್ತೆ ನಕ್ಕಳು.

ಅವನು ಬಾಯಿ ತೆರೆದ.

"ನನ್ನದು ಬರ್ಕೋಮ್ಮ," ಎಂದು ಹೆಂಡತಿ ನಡುವೆ ಬಂದು ತನ್ನ ನಂಬರು ಹೇಳಿದಳು. ಗಂಡನ ಕಡೆ ತಿರುಗಿ, "ನೀವು ಅದನ್ನ ಬಿಡಿ. ನನ್ನ ತಮ್ಮನಿಗೆ ಫೋನು ಹಚ್ಚಿ ಮೊದಲು."

ಹಚ್ಚಿದ. ರಿಂಗಾಗುತ್ತಲೇ ಇತ್ತು. ಮತ್ತೆ ಹಚ್ಚಿದ. ಅತ್ತ ಕಡೆಯವನು ಬೇಕೆಂತಲೇ ಎತ್ತುತ್ತಿರಲಿಲ್ಲ. ಲಿಫ್ಟಿನ ಬಾಗಿಲು ತೆರೆಯಿತು. ಹೆಂಡತಿ ಸೂಟ್‌ಕೇಸು ಎಳೆದುಕೊಂಡು ಒಳಗೆ ಕಾಲಿಟ್ಟಳು. ಅವನೂ ಹಿಂದೆ ಹೆಜ್ಜೆ ಎತ್ತಿದ.

"ನೀವೆಲ್ಲಿಗೆ? ಅವನು ಎತ್ತೋ ತನಕ ಇಲ್ಲೇ ಹಚ್ತಾ ಇರಿ," ಎಂದಳು. "ನಾನು ಮೊದಲು ರೂಮು ನೋಡಿರ್ತೀನಿ."